ಅಂದು ಅಳಿಸಿದ ದೃಶ್ಯಕ್ಕೆ ಇಂದು ನಗು ಯಾಕೆ?

ಪ್ರಶ್ನೆ: ಮೊನ್ನೆ ಮನೆಯಲ್ಲಿ ‘ಶರಪಂಜರ’ ಹಾಕಿದ್ದೆವು. ಕಲ್ಪನಾ ಅವರ ಕೊನೆಯ ದೃಶ್ಯ ಬಂದಾಗ ನನಗೆ ಹಿಂದಿನಂತೆಯೇ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಮಗಳು ಕಿಸಕ್ಕನೆ ನಕ್ಕಳು. ‘ಎಷ್ಟು ಓವರ್ ಆಕ್ಟಿಂಗ್ ಅಮ್ಮಾ, ನಿಜ ಜೀವನದಲ್ಲಿ ಯಾರು ಹೀಗೆ ಅಳ್ತಾರೆ?’ ಅಂದಳು. ಅವಳು ಕಾಲೇಜಿನಲ್ಲಿ ನಾಟಕ ಮಾಡುತ್ತಾಳೆ. ಮುಂದೆ ನಟನೆ ಕಲಿಯುವ ಆಸೆಯೂ ಇದೆ. ಹಳಬರ ನಟನೆ ನಿಜಕ್ಕೂ ಅತಿಯಾಗಿತ್ತಾ? ಈಗಿನವರು ಅವರಿಗಿಂತ ಚೆನ್ನಾಗಿ ನಟಿಸುತ್ತಾರಾ? ಅಥವಾ ನೋಡುವ ನಾವೇ ಬದಲಾಗಿದ್ದೇವಾ?
ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರುಮಾಡೋಣ. ನಿಜ ಜೀವನದಲ್ಲಿ ಯಾರು ಹಾಗೆ ಅಳುತ್ತಾರೆ? ಬೇಕಾದಷ್ಟು ಜನ ಅಳುತ್ತಾರೆ. ಹಳ್ಳಿಯ ಸಾವಿನ ಮನೆಗೆ ಒಮ್ಮೆ ಕರೆದುಕೊಂಡು ಹೋಗಿ. ಎದೆ ಎದೆ ಬಡಿದುಕೊಂಡು, ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹೇಳಿ, ರಾಗವಾಗಿ ಅಳುವ ಹೆಂಗಸರು ಈಗಲೂ ಇದ್ದಾರೆ. ಅದನ್ನು ಇದ್ದದ್ದು ಇದ್ದ ಹಾಗೇ ಚಿತ್ರೀಕರಿಸಿ ಮಲ್ಟಿಪ್ಲೆಕ್ಸಿನಲ್ಲಿ ತೋರಿಸಿದರೆ ಅರ್ಧ ಜನ ‘ಸ್ವಲ್ಪ ಜಾಸ್ತಿ ಆಯ್ತು’ ಅನ್ನುತ್ತಾರೆ.

ನಾವು ಈಗ ‘ನ್ಯಾಚುರಲ್’ ಅನ್ನುವುದು ಎಲ್ಲ ಮನುಷ್ಯರ ನಡವಳಿಕೆಯಲ್ಲ. ನಗರದಲ್ಲಿರುವ, ಓದಿದ, ನಾಲ್ಕು ಜನರ ಎದುರು ಮುಖ ಬಿಗಿಹಿಡಿಯಲು ಕಲಿತ ಜನರ ನಡವಳಿಕೆ ಅದು. ನಿಮ್ಮ ಮಗಳು ಸುತ್ತ ನೋಡುತ್ತಿರುವುದು ಅದನ್ನೇ. ಹಾಗಾಗಿ ಅವಳ ನಗುವಿನಲ್ಲಿ ತಪ್ಪಿಲ್ಲ. ಆದರೆ ಆ ನಗುವಿನಿಂದ ಕಲ್ಪನಾ ಅವರ ನಟನೆಗೆ ಮಾರ್ಕ್ಸ್ ಹಾಕಲು ಹೊರಟರೆ ಲೆಕ್ಕ ತಪ್ಪುತ್ತದೆ.

ಎರಡು ಬಗೆಯ ನಟನೆಯ ನಡುವಿನ ವ್ಯತ್ಯಾಸವನ್ನು ಸರಳವಾಗಿ ಹೀಗೆ ಹೇಳಬಹುದು. ಮೆಲೋಡ್ರಾಮಾದಲ್ಲಿ ಪಾತ್ರ ತನ್ನೊಳಗಿನದನ್ನು ಹೊರಗೆ ಹಾಕುತ್ತದೆ. ಬದುಕಿನಲ್ಲಿ ಹೇಳಲಾಗದೇ ಉಳಿದ ಮಾತನ್ನು ಅಲ್ಲಿ ಹೇಳಿಬಿಡುತ್ತದೆ. ವಾಸ್ತವವಾದಿ ನಟನೆಯಲ್ಲಿ ಪಾತ್ರ ತನ್ನೊಳಗಿನದನ್ನು ಬಚ್ಚಿಡುತ್ತದೆ. ಹೆಕ್ಕಿ ತೆಗೆಯುವ ಕೆಲಸ ನೋಡುವವರದ್ದು. ಹಾಗಂತ ಒಂದು ಸುಳ್ಳು, ಇನ್ನೊಂದು ನಿಜ ಅಂತಲ್ಲ. ಎರಡರಲ್ಲೂ ಒಳ್ಳೆಯದಿದೆ, ಎರಡರಲ್ಲೂ ಜೊಳ್ಳಿದೆ.

ನಿಮ್ಮ ‘ಶರಪಂಜರ’ವನ್ನೇ ತೆಗೆದುಕೊಳ್ಳಿ. 1971ರ ಚಿತ್ರ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಹೆರಿಗೆಯ ನಂತರ ಮನಸ್ಸಿನ ಆರೋಗ್ಯ ಕೆಟ್ಟು ಆಸ್ಪತ್ರೆ ಸೇರಿದ ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳು ವಾಸಿಯಾಗಿದ್ದಾಳೆ, ಸುತ್ತಲಿನವರು ಆಗಿಲ್ಲ. ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಮೇಲಾಗಿ ಗಂಡನಿಗೆ ಬೇರೊಬ್ಬಳ ಸಂಗ. ಚಿತ್ರದ ಬಹುಪಾಲು ಕಾವೇರಿ ನುಂಗುತ್ತಲೇ ಇರುತ್ತಾಳೆ. ಕೊನೆಗೆ ಒಡೆದು ಹೋಗುತ್ತಾಳೆ. ಆ ಒಡೆಯುವಿಕೆಯನ್ನು ಕಲ್ಪನಾ ಕಣ್ಣು, ಕೈ, ಸೆರಗು, ಕೂದಲು, ಉಸಿರು ಎಲ್ಲವನ್ನೂ ಬಳಸಿ ಆಡುತ್ತಾರೆ. ಅಲ್ಲಿ ಮಿತವೇ ಇಲ್ಲ. ಮಿತ ಇರಬಾರದು ಅಂತಲೇ ದೃಶ್ಯ ಕಟ್ಟಿದ್ದು.

ಯಾಕೆ ಅಂತ ಯೋಚಿಸಿ. 1971ರಲ್ಲಿ ಥಿಯೇಟರಿನಲ್ಲಿ ಕೂತಿದ್ದ ಸಾವಿರಾರು ಗೃಹಿಣಿಯರಲ್ಲಿ ಎಷ್ಟು ಜನರಿಗೆ ಅತ್ತೆ, ಮಾವ, ಗಂಡನ ಎದುರು ಗಟ್ಟಿಯಾಗಿ ಮಾತಾಡುವ ಅವಕಾಶ ಇತ್ತು? ಅವರಿಗೆ ‘ಸಂಯಮದ ನಟನೆ’ಯನ್ನು ಪರದೆಯ ಮೇಲೆ ನೋಡುವ ಅಗತ್ಯ ಇರಲಿಲ್ಲ. ಅದನ್ನು ಅವರು ದಿನಾ ಮನೆಯಲ್ಲೇ ಮಾಡುತ್ತಿದ್ದರು. ತಮ್ಮ ಪರವಾಗಿ ಒಬ್ಬಳು ಕಿರುಚಬೇಕಿತ್ತು. ಕಲ್ಪನಾ ಕಿರುಚಿದರು.

ಇದರ ಪಕ್ಕಕ್ಕೆ ‘ಘಟಶ್ರಾದ್ಧ’ ಇಟ್ಟು ನೋಡಿ. ಆರೇ ವರ್ಷದ ನಂತರ, 1977ರಲ್ಲಿ ಗಿರೀಶ್ ಕಾಸರವಳ್ಳಿ ಮಾಡಿದ ಚಿತ್ರ. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲವೂ ಬಂತು. ಯು. ಆರ್. ಅನಂತಮೂರ್ತಿಯವರ ಕಥೆ. ಇಲ್ಲೂ ಮರ್ಯಾದೆಯ ಹೆಸರಿನಲ್ಲಿ ಮನೆಯಿಂದ ಹೊರದಬ್ಬಿಸಿಕೊಳ್ಳುವ ಹೆಣ್ಣು. ವಿಧವೆ ಯಮುನಾ ಬಸುರಾಗುತ್ತಾಳೆ. ಬದುಕಿರುವ ಮಗಳಿಗೆ ಅಪ್ಪನೇ ಘಟಶ್ರಾದ್ಧ ಮಾಡುತ್ತಾನೆ, ಅಂದರೆ ಸತ್ತಳೆಂದು ಎಣಿಸಿ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಾ ಒಂದು ಮಾತನ್ನೂ ಆಡುವುದಿಲ್ಲ. ಮೀನಾ ಕುಟ್ಟಪ್ಪ ಆ ದೃಶ್ಯದಲ್ಲಿ ‘ಏನೂ ಮಾಡುವುದಿಲ್ಲ’. ನೋಡುವ ಕೆಲಸವನ್ನು ನಿರ್ದೇಶಕರು ನಾಣಿ ಎಂಬ ಪುಟ್ಟ ಹುಡುಗನಿಗೆ ಕೊಟ್ಟಿದ್ದಾರೆ. ಅವನ ಮೂಲಕ ನಮಗೆ.

ಒಂದೇ ನೋವು, ಒಂದೇ ದಶಕ, ಒಂದೇ ಭಾಷೆ. ಕಾವೇರಿಯ ಸಂಕಟ ಹೊರಗೆ ಸಿಡಿಯುತ್ತದೆ, ಯಮುನಾಳದ್ದು ಒಳಗೇ ಕೂರುತ್ತದೆ. ಯಾರದು ಮೇಲು ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಆದರೆ ಒಂದು ಮಾತು. ಕಾವೇರಿಯ ಹಾಗೆ ಯಮುನಾ ಕೂಗಿದ್ದರೆ ‘ಘಟಶ್ರಾದ್ಧ’ ಕೆಡುತ್ತಿತ್ತು. ಯಮುನಾಳ ಹಾಗೆ ಕಾವೇರಿ ಸುಮ್ಮನೆ ಕೂತಿದ್ದರೆ ‘ಶರಪಂಜರ’ ಸತ್ತೇ ಹೋಗುತ್ತಿತ್ತು.

ಈಗ ಹಳೆಯ ನಟನೆಯ ಗಟ್ಟಿ ದನಿಗೆ ಬರೋಣ. ಅದಕ್ಕೆ ಭಾವನೆಗಿಂತ ಹೆಚ್ಚಾಗಿ ಕಸುಬಿನ ಕಾರಣಗಳಿವೆ. ಇದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ.

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಅದರ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯವರು. ಇಪ್ಪತ್ತು ವರ್ಷದ ನಂತರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದ ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಕಂಪನಿ ನಾಟಕದ ತರಬೇತಿ ಅಂದರೆ ಮೊದಲ ಪಾಠವೇ ದನಿ. ಮೈಕ್ ಇಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಪ್ರತಿ ಅಕ್ಷರ ಕೇಳಬೇಕು. ಪಾತ್ರದ ದುಃಖ ಅವನಿಗೂ ಕಾಣಬೇಕು. ಅಷ್ಟು ದೂರಕ್ಕೆ ಹುಬ್ಬು ಕಾಣುವುದಿಲ್ಲ, ಕೈ ಕಾಣುತ್ತದೆ. ಹಾಗಾಗಿ ನೋವು ಹುಬ್ಬಿನಿಂದ ಕೈಗೆ ಇಳಿಯಿತು, ಭುಜಕ್ಕೆ ಏರಿತು.

ಆ ನಟರು ಸ್ಟುಡಿಯೋಗೆ ಬಂದಾಗ ಕ್ಯಾಮೆರಾ ಹತ್ತಿರ ಬಂತು, ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ಹೋಗಬೇಕಾದ ಒತ್ತಡವೂ ಇರಲಿಲ್ಲ. ಚಿತ್ರ ಓಡುತ್ತಿದ್ದದ್ದು ಬೆಂಗಳೂರಿನ ಕೆಂಪೇಗೌಡ ರಸ್ತೆಯಂಥ ಕಡೆ, ಕಪಾಲಿಯಂಥ ದೊಡ್ಡ ಚಿತ್ರಮಂದಿರಗಳಲ್ಲಿ. ಊರುಗಳಲ್ಲಾದರೆ ಟೂರಿಂಗ್ ಟಾಕೀಸಿನ ಗುಡಾರ. ಮುಂದೆ ಗಾಂಧಿ ಕ್ಲಾಸಿನ ಸಿಳ್ಳೆ, ಹಿಂದೆ ಅಳುವ ಮಗು, ಪಕ್ಕದಲ್ಲಿ ಕಡಲೆಕಾಯಿ ಸಿಪ್ಪೆ, ಗೊರಗೊರ ಅನ್ನುವ ಸ್ಪೀಕರ್. ಅಲ್ಲಿ ಪಿಸುಗುಟ್ಟುವ ನಟನೆ ಯಾರಿಗೆ ಕೇಳೀತು?

ಇನ್ನೊಂದು ಡಬ್ಬಿಂಗ್. ಔಟ್‌ಡೋರ್ ಶೂಟಿಂಗ್ ಜಾಸ್ತಿಯಾದ ಮೇಲೆ ಕ್ಯಾಮೆರಾದ ಸದ್ದು, ನೋಡಲು ಬಂದ ಜನರ ಸದ್ದಿನ ನಡುವೆ ಮಾತು ರೆಕಾರ್ಡ್ ಮಾಡುವುದು ಕಷ್ಟವಾಯಿತು. ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಕೂರಿಸುವ ಪದ್ಧತಿ ಬಂತು. ಇದರಲ್ಲಿ ನಟಿ ಎಷ್ಟೋ ವಾರದ ಹಿಂದೆ ಬೆಟ್ಟದ ಮೇಲೆ ಅತ್ತದ್ದನ್ನು ಈಗ ಕತ್ತಲೆ ಕೋಣೆಯಲ್ಲಿ, ಮೈಕಿನ ಎದುರು ನಿಂತು, ತುಟಿಗೆ ತುಟಿ ಹೊಂದಿಸಿ ಮತ್ತೆ ಅಳಬೇಕು. ಮೈ ಒಂದು ಕಡೆ, ದನಿ ಇನ್ನೊಂದು ಕಡೆ. ಆ ನಡುವೆ ಕಳೆದುಹೋಗುವುದು ಸಣ್ಣ ಸಣ್ಣ ಸದ್ದುಗಳು: ಉಗುಳು ನುಂಗುವುದು, ಅರ್ಧಕ್ಕೆ ನಿಂತ ಉಸಿರು, ಮಾತಿಗೆ ಮುಂಚಿನ ತಡವರಿಕೆ. ಉಳಿಯುವುದು ಸ್ಪಷ್ಟವಾದ, ಸ್ವಲ್ಪ ಎತ್ತರದ ಡೈಲಾಗ್. ಎಷ್ಟೋ ನಟಿಯರಿಗೆ ಬೇರೆಯವರೇ ದನಿ ಕೊಡುತ್ತಿದ್ದರು, ಅದರ ಕಥೆ ಕೇಳಲೇಬೇಡಿ. ನಿಮ್ಮ ಮಗಳಿಗೆ ‘ಓವರ್’ ಅನಿಸಿದ್ದರಲ್ಲಿ ಒಂದು ಪಾಲು ಈ ಡಬ್ಬಿಂಗ್ ಕೋಣೆಯದ್ದು. ಬಾಲಿವುಡ್ಡಿನಲ್ಲೂ ಸ್ಥಳದಲ್ಲೇ ಧ್ವನಿಮುದ್ರಣ ಮಾಡುವ ಪದ್ಧತಿ ದೊಡ್ಡ ಚಿತ್ರಗಳಿಗೆ ಮರಳಿ ಬಂದದ್ದು 2001ರ ‘ಲಗಾನ್’ ಹೊತ್ತಿಗೆ.

ಫಿಲ್ಮ್ ರೋಲಿನ ಲೆಕ್ಕವೂ ಇತ್ತು. ಸಾವಿರ ಅಡಿಯ ಒಂದು ರೋಲು ಓಡುವುದು ಸುಮಾರು 11 ನಿಮಿಷ. ದುಬಾರಿ ಸಾಮಾನು. ‘ಇನ್ನೊಂದು ಟೇಕ್ ನೋಡೋಣ, ಏನಾದರೂ ಹೊಸದು ಹೊಳೆಯಬಹುದು’ ಅನ್ನುವ ಐಷಾರಾಮ ಇರಲಿಲ್ಲ. ಮೊದಲೇ ರೂಢಿಯಾದ, ತಪ್ಪದೇ ಕೆಲಸ ಮಾಡುವ ಮುಖಭಾವ ಬೇಕಿತ್ತು. ಡಿಜಿಟಲ್ ಬಂದ ಮೇಲೆ ನಟ ಹತ್ತು ಸಲ ಬೇರೆ ಬೇರೆ ಥರ ಮಾಡಿ ನೋಡಬಹುದು. ಈಗಿನ ನಟನೆಯ ಸಡಿಲತೆಗೆ ಇದೂ ಒಂದು ಕಾರಣ.

ಹಾಗಾದರೆ ಹಳಬರಿಗೆ ಬೇರೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಇಲ್ಲೇ ‘ಹಿಂದೆ ಜೋರು, ಈಗ ಸಹಜ’ ಎಂಬ ಕಥೆ ಮುರಿದು ಬೀಳುತ್ತದೆ.

1971ರ ‘ಕಸ್ತೂರಿ ನಿವಾಸ’ ನೋಡಿ. ದೊರೆ ಭಗವಾನ್ ಜೋಡಿಯ ಚಿತ್ರ. ಕಥೆ ಅಪ್ಪಟ ಮೆಲೋಡ್ರಾಮಾ. ಕೊಟ್ಟೂ ಕೊಟ್ಟೂ ಬರಿಗೈಯಾದ ದಾನಿ ಮನೆಗೆ ಬಂದ ನೀಲಾಳಿಗೆ ಊಟ ಹಾಕಲು ತನ್ನ ಪ್ರೀತಿಯ ಪಾರಿವಾಳವನ್ನೇ ಮಾರುತ್ತಾನೆ. ಊಟ ಮುಗಿಸಿ ಅವಳು ಕೇಳುವುದು ಅದೇ ಪಾರಿವಾಳವನ್ನು. ಇದಕ್ಕಿಂತ ನಾಟಕೀಯ ಸನ್ನಿವೇಶ ಯಾರು ಬರೆದಾರು? ಇಂಥ ಕಡೆ ಎದೆ ಬಡಿದುಕೊಳ್ಳುವುದು ಸುಲಭ. ರಾಜ್‌ಕುಮಾರ್ ಅಲ್ಲಿ ದನಿ ಇಳಿಸುತ್ತಾರೆ. ಕೇಳಿದ್ದನ್ನು ಇಲ್ಲ ಅನ್ನಬೇಕಾದ ನಾಚಿಕೆ ಅವರ ಮುಖದಲ್ಲಿ ನಿಧಾನಕ್ಕೆ ಹರಡುತ್ತದೆ. 2014ರಲ್ಲಿ ಇದೇ ಚಿತ್ರ ಬಣ್ಣ ಹಾಕಿಸಿಕೊಂಡು ಮತ್ತೆ ಬಿಡುಗಡೆಯಾದಾಗಲೂ ಜನ ಥಿಯೇಟರಿಗೆ ಬಂದರು.

ಹನ್ನೆರಡು ವರ್ಷ ಮುಂದೆ ಹೋಗಿ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅದೇ ರಾಜ್‌ಕುಮಾರ್ ಹಿರಣ್ಯಕಶಿಪು. ಘರ್ಜನೆ, ಮೀಸೆ, ಗದೆ, ಕಣ್ಣು. ಕಂಪನಿ ನಾಟಕದ ಅಬ್ಬರ ಪೂರ್ತಿಯಾಗಿ ಇದೆ. ಕಾಲದ ಪ್ರಕಾರ ನೋಡಿದರೆ ಅವರು ‘ಹಿಂದಕ್ಕೆ’ ಹೋದರು ಅನ್ನಬೇಕಲ್ವಾ? ಹಾಗಲ್ಲ. ಪಾತ್ರಕ್ಕೆ ತಕ್ಕ ಅಳತೆ ತೆಗೆದರು, ಅಷ್ಟೆ. ರಾಕ್ಷಸ ರಾಜ ಪಕ್ಕದ ಮನೆಯ ಅಂಕಲ್ ಥರ ಮಾತಾಡಿದರೆ ಯಾರು ಹೆದರುತ್ತಾರೆ? ಯಕ್ಷಗಾನದ ವೇಷ ನೋಡಿ ‘ಓವರ್’ ಅಂತ ಯಾರೂ ಹೇಳುವುದಿಲ್ಲ. ಅಲ್ಲಿನ ಒಪ್ಪಂದ ನಮಗೆ ಗೊತ್ತು. ಲೋಕದಲ್ಲಿ ಇದ್ದಂತೆ ಆಡುವುದು ಲೋಕಧರ್ಮಿ, ರಂಗದ ಕಟ್ಟಳೆಯಂತೆ ಆಡುವುದು ನಾಟ್ಯಧರ್ಮಿ ಅಂತ ಭರತನ ನಾಟ್ಯಶಾಸ್ತ್ರವೇ ಎರಡನ್ನೂ ಒಪ್ಪಿ ಜಾಗ ಕೊಟ್ಟಿದೆ. ಜಗಳ ಹಚ್ಚಿದ್ದು ನಾವು.

ಒಂದೇ ಚಿತ್ರದೊಳಗೆ ಎರಡೂ ಎದುರಾದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ‘ಮುಘಲ್-ಎ-ಆಜಮ್’ ಹಾಕಿ. 1960ರದ್ದು. ಅಕ್ಬರನಾಗಿ ಪೃಥ್ವಿರಾಜ್ ಕಪೂರ್. ಸ್ವಂತ ನಾಟಕ ಕಂಪನಿ ಕಟ್ಟಿ ಊರೂರು ಸುತ್ತಿದವರು. ಅವರ ದನಿಗೆ ಅರಮನೆಯ ಕಂಬ ನಡುಗಬೇಕು. ಸಲೀಮನಾಗಿ ದಿಲೀಪ್ ಕುಮಾರ್. ಮಾತಿಗೆ ಮುಂಚೆ ನಿಲ್ಲುತ್ತಾರೆ, ಅರ್ಧ ಮಾತನ್ನು ಕಣ್ಣಿಗೆ ಬಿಡುತ್ತಾರೆ, ದನಿ ಏರಬೇಕಾದಲ್ಲಿ ಇಳಿಸುತ್ತಾರೆ. ಇಬ್ಬರೂ ಬೇರೆ ಬೇರೆ ಶಾಲೆ. ಆದರೆ ಅಪ್ಪ, ಮಗನ ಜಗಳಕ್ಕೆ ಅದೇ ಕಾರಣದಿಂದ ಬಲ ಬಂತು. ಸಿಂಹಾಸನ ಒಂದು ಭಾಷೆ ಮಾತಾಡುತ್ತದೆ, ಪ್ರೀತಿ ಇನ್ನೊಂದು.

ಇದಕ್ಕೂ ಮೊದಲೇ, 1953ರ ‘ದೋ ಬಿಘಾ ಜಮೀನ್’ಗಾಗಿ ಬಲರಾಜ್ ಸಾಹ್ನಿ ಕಲ್ಕತ್ತಾದ ಬೀದಿಯಲ್ಲಿ ರಿಕ್ಷಾ ಎಳೆಯಲು ಕಲಿತಿದ್ದರು. ‘ನ್ಯಾಚುರಲ್’ ನಟನೆ ಈಗ ಓಟಿಟಿಯಿಂದ ಬಂತು ಅಂದುಕೊಂಡ ಹುಡುಗರಿಗೆ ಇದನ್ನು ಸುಮ್ನೆ ಒಮ್ಮೆ ಹೇಳಬೇಕು.

ಎಪ್ಪತ್ತರ ದಶಕದಲ್ಲಿ ಈ ದಾರಿ ಅಗಲವಾಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಿಂದ ನಾಸಿರುದ್ದೀನ್ ಶಾ, ಓಂ ಪುರಿ, ಶಬಾನಾ ಆಜ್ಮಿ ಬಂದರು. ನಮ್ಮಲ್ಲಿ 1970ರ ‘ಸಂಸ್ಕಾರ’ ಬಾಗಿಲು ತೆರೆಯಿತು. ‘ಚೋಮನ ದುಡಿ’ಗೆ ಎಂ. ವಿ. ವಾಸುದೇವರಾವ್, ‘ತಬರನ ಕಥೆ’ಗೆ ಚಾರುಹಾಸನ್ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. ಇವೆಲ್ಲ ನಿಮಗೆ ಗೊತ್ತಿರುವ ವಿಷಯ, ಹೆಚ್ಚು ಬೆಳೆಸುವುದಿಲ್ಲ. ಒಂದು ಸೂಕ್ಷ್ಮ ಮಾತ್ರ ಹೇಳುತ್ತೇನೆ. ಈ ಚಿತ್ರಗಳೂ ಸ್ಫೋಟವನ್ನು ಬಿಟ್ಟುಕೊಡಲಿಲ್ಲ. ಚೋಮ ತನ್ನ ಸಿಟ್ಟು, ಸಂಕಟವನ್ನೆಲ್ಲ ದುಡಿಯ ಮೇಲೆ ಬಡಿಯುತ್ತಾನೆ. 1974ರ ‘ಅಂಕುರ್’ನ ಕೊನೆಯಲ್ಲಿ ಗಂಡನಿಗೆ ಛಡಿ ಏಟು ಬಿದ್ದಾಗ ಲಕ್ಷ್ಮಿ ಜಮೀನ್ದಾರನ ಮಗನಿಗೆ ಹಾಕುವ ಶಾಪ ಇದೆಯಲ್ಲ, ಅದನ್ನು ಶಬಾನಾ ಗಂಟಲು ಹರಿಯುವಂತೆ ಕೂಗುತ್ತಾರೆ. ಅಲ್ಲಿಯವರೆಗೆ ಮೆತ್ತಗಿದ್ದ ಚಿತ್ರ ಅದು. ಅದಕ್ಕೇ ಆ ಕೂಗು ನಾಟುತ್ತದೆ. ಎದುರಿಗೆ ಬಾಗಿಲು ಮುಚ್ಚಿಕೊಂಡು ಬೆವರುವ ಹೇಡಿ ಯುವಕ ನಮ್ಮ ಅನಂತನಾಗ್.

ಅನಂತನಾಗ್ ಹೆಸರು ಬಂತು, ಇನ್ನೊಂದು ಮಾತು ಸೇರಿಸುತ್ತೇನೆ. ಮುಂಬೈ ರಂಗಭೂಮಿಯಿಂದ ಬಂದ ಅವರು ‘ನಾ ನಿನ್ನ ಬಿಡಲಾರೆ’ಯಂಥ ದೆವ್ವದ ಕಥೆಯನ್ನೂ ಮಾಡಿದರು, ‘ಮಿಂಚಿನ ಓಟ’ವನ್ನೂ ಮಾಡಿದರು, ಒಂದರ ಹಿಂದೆ ಒಂದು. ಕನ್ನಡ ಪ್ರೇಕ್ಷಕರು ಕಮರ್ಷಿಯಲ್ ಚಿತ್ರದಲ್ಲೇ ಸಹಜ ನಟನೆಗೆ ಒಗ್ಗಿಕೊಂಡದ್ದು ಕಲಾತ್ಮಕ ಚಿತ್ರಗಳಿಗಿಂತ ಹೆಚ್ಚಾಗಿ ಇಂಥವರಿಂದ ಅಂತ ನನ್ನ ಅಭಿಪ್ರಾಯ. ಲೋಕೇಶ್ ಇನ್ನೊಬ್ಬರು. ಆಗ ಹೇಳಿದೆನಲ್ಲ, ಮೊದಲ ಟಾಕಿಯ ಸುಬ್ಬಯ್ಯ ನಾಯ್ಡು, ಅವರ ಮಗ ಇವರು. ಅಪ್ಪ ಪರದೆಯ ಮೇಲೆ ಇಂದ್ರಜಿತನಾಗಿದ್ದರು. ಮಗ 1978ರಲ್ಲಿ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಊರೂರು ಸುತ್ತಿ ಸಾಮಾನು ಮಾರುವ ಹಳ್ಳಿಗನಾಗಿ, ಹಳ್ಳಿ ಮಾತನ್ನೇ ಆಡಿದರು. ನಟನೆಯ ಇಡೀ ಪಲ್ಲಟ ಒಂದೇ ಮನೆಯಲ್ಲಿ, ಒಂದೇ ತಲೆಮಾರಿನಲ್ಲಿ ಆಗಿಹೋಯಿತು.

ಹಳ್ಳಿ ಮಾತು ಅಂದೆ. ಕನ್ನಡದಲ್ಲಿ ಸಹಜ ನಟನೆಯ ಗುಟ್ಟು ಅರ್ಧಕ್ಕರ್ಧ ಇರುವುದು ಆಡುಮಾತಿನಲ್ಲಿ. ಬಹಳ ಕಾಲ ನಮ್ಮ ನಾಯಕ, ನಾಯಕಿಯರು ಎಲ್ಲಿಯವರಾದರೂ ಮೈಸೂರು ಸೀಮೆಯ ಶಿಷ್ಟ ಕನ್ನಡವನ್ನೇ ಆಡುತ್ತಿದ್ದರು. ರಾಜ್‌ಕುಮಾರ್ ಬಾಯಲ್ಲಿ ಅದು ಸೊಗಸಾಗಿತ್ತು, ಎಷ್ಟೋ ಜನ ಉಚ್ಚಾರಣೆ ಕಲಿತದ್ದೇ ಅವರಿಂದ. ಆದರೆ ಬರಹದ ವಾಕ್ಯವನ್ನು ಬಾಯಲ್ಲಿ ಹೇಳುವಾಗ ಮುಖವೂ ಸ್ವಲ್ಪ ಸೆಟೆದುಕೊಳ್ಳುತ್ತದೆ. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ರಾಜ್ ಬಿ. ಶೆಟ್ಟಿ ಮಂಗಳೂರು ಕನ್ನಡ ಆಡುವಾಗ ಅವರ ಭುಜ, ಕತ್ತು, ಹಿಂಜರಿಕೆ ಎಲ್ಲ ಆ ಮಾತಿನ ಜೊತೆಗೇ ಬರುತ್ತವೆ. ಬೇರೆಯಾಗಿ ‘ನಟಿಸಬೇಕಾಗಿಲ್ಲ’.

ಇದರ ತುದಿ 2016ರಲ್ಲಿ ತೆರೆಗೆ ಬಂದ ‘ತಿಥಿ’. ಮಂಡ್ಯದ ಹಳ್ಳಿ, ಮಂಡ್ಯದ ಮಾತು, ನಟನೆ ಕಲಿಯದ ಹಳ್ಳಿಯ ಜನ. ಅದರಲ್ಲಿ ಗಡ್ಡಪ್ಪ ಕುರಿಗಾಹಿಗಳ ಜೊತೆ ಬೆಂಕಿಯ ಮುಂದೆ ಕೂತು ತನ್ನ ಹಳೆಯ ಕಥೆ ಹೇಳುವ ದೃಶ್ಯವಿದೆ. ಹೆಂಡತಿಗೂ ತನ್ನ ಸ್ವಂತ ಅಪ್ಪನಿಗೂ ಇದ್ದ ಸಂಬಂಧದ ಕಥೆ. ಪುಟ್ಟಣ್ಣನವರ ಕೈಗೆ ಸಿಕ್ಕಿದ್ದರೆ ಗುಡುಗು, ಮಿಂಚು, ಹಾಡು ಎಲ್ಲ ಬರುತ್ತಿತ್ತು. ಗಡ್ಡಪ್ಪ ಅದನ್ನು ಮೊನ್ನೆ ಸಂತೆಗೆ ಹೋಗಿದ್ದನ್ನು ಹೇಳುವ ದನಿಯಲ್ಲೇ ಹೇಳುತ್ತಾರೆ. ಎಷ್ಟು ವರ್ಷ ಒಳಗೆ ಇಟ್ಟುಕೊಂಡರೆ ನೋವು ಅಷ್ಟು ಚಪ್ಪಟೆಯಾಗಬಹುದು ಅಂತ ನಾವೇ ಲೆಕ್ಕ ಹಾಕಬೇಕು. ಆ ಪಾತ್ರ ಮಾಡಿದ ಚನ್ನೇಗೌಡರನ್ನು ಆಮೇಲೆ ಬೇರೆ ಬೇರೆ ಚಿತ್ರಗಳು ಕರೆದವು. ಅಲ್ಲಿ ಅವರಿಗೆ ಕೊಟ್ಟದ್ದು ಹೆಚ್ಚಾಗಿ ‘ಗಡ್ಡಪ್ಪ’ನ ನಕಲು. ಸಹಜತೆಯನ್ನೂ ಐಟಂ ಮಾಡಿ ಮಾರಬಹುದು ಅಂತ ಉದ್ಯಮಕ್ಕೆ ಬೇಗ ಗೊತ್ತಾಯಿತು.

ಹಾಗಾದರೆ ಪ್ರೇಕ್ಷಕರ ರುಚಿ ಒಂದೇ ದಿಕ್ಕಿಗೆ ಹೋಗಿದೆಯಾ? ಇಲ್ಲ. ಟಿವಿಯಲ್ಲಿ ಗಾಳಿ ಉಲ್ಟಾ ಬೀಸಿತು. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’, ಆಮೇಲೆ ಟಿ. ಎನ್. ಸೀತಾರಾಮ್ ಬಳಗದ ‘ಮಾಯಾಮೃಗ’ ನೋಡಿದವರಿಗೆ ಗೊತ್ತು, ಎಷ್ಟು ಮನೆಮಾತಿನ ನಟನೆ ಅದು. ಅದೇ ಟಿವಿಯಲ್ಲಿ ಈಗ ಅತ್ತೆ ಬಾಗಿಲಿಗೆ ಬಂದರೆ ಸಿಡಿಲು ಹೊಡೆಯುತ್ತದೆ, ಮುಖಕ್ಕೆ ಮೂರು ಸಲ ಝೂಮ್ ಆಗುತ್ತದೆ. ಇದಕ್ಕೂ ಕಸುಬಿನ ಕಾರಣ ಇದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಕಿವಿ ಮಾತ್ರ ಕೊಟ್ಟವರಿಗೂ ಕಥೆ ಮುಟ್ಟಬೇಕು. ಹಳೆಯ ಟೆಂಟಿನ ಗದ್ದಲ ಈಗ ಮನೆಯೊಳಗಿದೆ.

ಸಿನಿಮಾದಲ್ಲೂ ಅಷ್ಟೇ. ಮಲ್ಟಿಪ್ಲೆಕ್ಸ್, ಆಮೇಲೆ ಮೊಬೈಲ್ ಬಂದು ಮೆಲ್ಲಗಿನ ನಟನೆಗೆ ಜಾಗ ಮಾಡಿಕೊಟ್ಟದ್ದು ನಿಜ. ಇಯರ್‌ಫೋನಿನಲ್ಲಿ ನಟನ ಉಸಿರೂ ಕೇಳುತ್ತದೆ. ಒಬ್ಬರೇ ಕೂತು ನೋಡುವಾಗ ಜೋರಾಗಿ ಅಳುವ ಪಾತ್ರ ಸ್ವಲ್ಪ ಮುಜುಗರವನ್ನೂ ತರುತ್ತದೆ. ಸಾವಿರ ಜನರ ಜೊತೆ ಕೂತಾಗ ಹಾಗಿರುವುದಿಲ್ಲ, ಪಕ್ಕದವರ ಮೂಗಿನ ಸದ್ದು ನಮಗೂ ಅಳಲು ಅಪ್ಪಣೆ ಕೊಡುತ್ತದೆ. ನೀವು ‘ಶರಪಂಜರ’ ಮೊದಲು ನೋಡಿದ್ದು ಜನರ ನಡುವೆ ಇರಬಹುದು. ಮಗಳು ನೋಡಿದ್ದು ಸೋಫಾ ಮೇಲೆ, ಬಹುಶಃ ಕೈಯಲ್ಲಿ ಫೋನ್ ಹಿಡಿದು.

ಆದರೆ ಇದೇ ಕಾಲದಲ್ಲಿ ‘ಕೆಜಿಎಫ್’ ಎರಡು ಭಾಗಗಳಲ್ಲಿ ದೇಶ ಗೆದ್ದಿತು. ಸಾಯುವ ತಾಯಿ, ಮಗ ಹೊತ್ತ ಮಾತು, ಅದಕ್ಕಾಗಿ ಲೋಕವನ್ನೇ ಎದುರು ಹಾಕಿಕೊಳ್ಳುವುದು. ಇದಕ್ಕಿಂತ ಮೆಲೋಡ್ರಾಮಾ ಇನ್ನೇನಿದೆ? ಅದಕ್ಕೆ ಸಿಳ್ಳೆ ಹೊಡೆದವರೂ ‘ಓವರ್ ಆಕ್ಟಿಂಗ್’ ಅಂತ ನಗುವ ಇದೇ ವಯಸ್ಸಿನ ಹುಡುಗರು. ಅಬ್ಬರದ ಹಸಿವು ಹೋಗಿಲ್ಲ. ಒಂದು ಬದಲಾವಣೆ ಮಾತ್ರ ನನಗೆ ಕಾಣುತ್ತದೆ, ಸ್ವಲ್ಪ ಬೇಜಾರೂ ಆಗುತ್ತದೆ. ಗಂಡಸಿನ ಸಿಟ್ಟಿನ ಅಬ್ಬರ ಈಗ ‘ಮಾಸ್’ ಅನಿಸಿಕೊಳ್ಳುತ್ತದೆ. ಹೆಂಗಸಿನ ದುಃಖದ ಅಬ್ಬರ ‘ಓವರ್’ ಅನಿಸಿಕೊಳ್ಳುತ್ತದೆ. ಮಗಳ ಜೊತೆ ಇದನ್ನು ಒಮ್ಮೆ ಮಾತಾಡಿ ನೋಡಿ.

ಇನ್ನು ‘ಈಗಿನವರು ಚೆನ್ನಾಗಿ ನಟಿಸುತ್ತಾರಾ’ ಅಂತ ಕೇಳಿದ್ದೀರಿ. ಕೆಲವರು ತುಂಬ ಚೆನ್ನಾಗಿ ನಟಿಸುತ್ತಾರೆ. 2023ರ ‘ಸಪ್ತಸಾಗರದಾಚೆ ಎಲ್ಲೋ’ದಲ್ಲಿ ರುಕ್ಮಿಣಿ ವಸಂತ್ ಅವರದ್ದು ಹಳೆಯ ಮೆಲೋಡ್ರಾಮಾದ ಸನ್ನಿವೇಶವೇ: ಜೈಲು ಸೇರಿದ ಪ್ರೇಮಿ, ಹೊರಗೆ ಕಾಯುವ ಹುಡುಗಿ. ಅದನ್ನು ಅವರು ಮಾತಿಗಿಂತ ಕೇಳಿಸಿಕೊಳ್ಳುವ ಮುಖದಲ್ಲಿ ಆಡಿದ್ದಾರೆ. ಆದರೆ ‘ನ್ಯಾಚುರಲ್’ ಹೆಸರಿನಲ್ಲಿ ಹೊಸ ಸವಕಲು ನಾಣ್ಯಗಳೂ ಚಲಾವಣೆಗೆ ಬಂದಿವೆ. ಮಾತು ಬಾಯಲ್ಲೇ ಜಗಿಯುವುದು. ಪ್ರತಿ ಉತ್ತರಕ್ಕೆ ಮುಂಚೆ ಮೂರು ಸೆಕೆಂಡ್ ಗೋಡೆ ನೋಡುವುದು. ಗಡ್ಡ ಕೆರೆದುಕೊಳ್ಳುವುದು. ಸಿಗರೇಟು. ಏನೂ ತೋರಿಸದಿದ್ದರೆ ಆಳ ಇದೆ ಅಂತ ಜನ ತಿಳಿದುಕೊಳ್ಳುತ್ತಾರೆ ಎಂಬ ಭರವಸೆ. ಹಿಂದಿನ ಕಳಪೆ ನಟ ಹಣೆಗೆ ಕೈ ಹಚ್ಚಿ ‘ಅಯ್ಯೋ’ ಅನ್ನುತ್ತಿದ್ದ. ಈಗಿನ ಕಳಪೆ ನಟ ಕಿಟಕಿಯಾಚೆ ನೋಡುತ್ತಾನೆ. ಇಬ್ಬರ ಒಳಗೂ ಏನೂ ಇಲ್ಲ.

ಜೊಳ್ಳು, ಕಾಳು ಬೇರೆ ಮಾಡಲು ಒಂದು ಸುಲಭ ಉಪಾಯ ಇದೆ. ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತೇನೆ. ದೃಶ್ಯದ ಸದ್ದು ಪೂರ್ತಿ ತೆಗೆದು ನೋಡಿ. ಹಿನ್ನೆಲೆ ಸಂಗೀತ, ಡೈಲಾಗ್ ಏನೂ ಬೇಡ. ಒಳ್ಳೆಯ ಮೆಲೋಡ್ರಾಮಾ ನಟನೆಯಲ್ಲಿ ಮೆಟ್ಟಿಲುಗಳು ಕಾಣುತ್ತವೆ. ಭಾವ ಎಲ್ಲಿ ಶುರುವಾಯಿತು, ಎಲ್ಲಿ ತಡೆದುಕೊಂಡರು, ಎಲ್ಲಿ ಕೈಮೀರಿತು, ಎಲ್ಲಿ ಸೋತು ಇಳಿಯಿತು. ಕೆಟ್ಟದ್ದರಲ್ಲಿ ಮೊದಲಿನಿಂದ ಕೊನೆಯವರೆಗೂ ಒಂದೇ ಎತ್ತರ. ವಾಸ್ತವವಾದಿ ದೃಶ್ಯವಾದರೆ ಮಾತಾಡುವವರನ್ನು ಬಿಟ್ಟು ಕೇಳುವವರನ್ನು ನೋಡಿ. ಎದುರಿನವರ ಮಾತು ಅವರ ಮುಖದಲ್ಲಿ ಏನನ್ನಾದರೂ ಬದಲಿಸುತ್ತಿದೆಯಾ? ಇಲ್ಲವಾದರೆ ಅದು ಸಂಯಮ ಅಲ್ಲ, ತಮ್ಮ ಸರದಿಗೆ ಕಾಯುವುದು. ‘ಶರಪಂಜರ’ವನ್ನೂ ಹೀಗೆ ನೋಡಿ. ಆದರೆ ಕೊನೆಯ ಹತ್ತು ನಿಮಿಷದ ಕ್ಲಿಪ್ ಮಾತ್ರ ಹಾಕಬೇಡಿ. ಕಾವೇರಿ ಎರಡು ಗಂಟೆ ನುಂಗಿದ್ದನ್ನು ನೋಡದವರಿಗೆ ಅವಳ ಕೂಗು ಬರೀ ಕೂಗಾಗಿಯೇ ಕೇಳಿಸುತ್ತದೆ.

ಮಗಳ ಕಲಿಕೆಯ ಬಗ್ಗೆ ಕೊನೆಗೆ ಎರಡು ಮಾತು. ‘ಕ್ಯಾಮೆರಾ ಮುಂದೆ ಏನೂ ಮಾಡಬೇಡಿ, ಹಾಗೇ ಇರಿ’ ಅಂತ ಮೊದಲ ದಿನವೇ ಹೇಳುವ ಕಡೆಗೆ ಕಳಿಸಬೇಡಿ. ‘ಹಾಗೇ ಇರುವುದು’ ಕೊನೆಯ ಪಾಠ. ಮೊದಲು ದನಿ ಎಸೆಯಲು ಬರಬೇಕು. ಮೈಕ್ ಇಲ್ಲದೆ ಸಭಾಂಗಣದ ಹಿಂದಿನ ಗೋಡೆಗೆ ಮಾತು ತಾಗಬೇಕು, ಗಂಟಲು ನೋಯದೆ. ಆಮೇಲೆ ಅದೇ ಮಾತನ್ನು, ಅದೇ ಉಸಿರಿನ ಬಲದಲ್ಲಿ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು ಇಳಿಸಬೇಕು. ಮೊದಲನೆಯದು ಬರುವವರಿಗೆ ಎರಡನೆಯದನ್ನು ಕಲಿಸಬಹುದು. ಬರೀ ಎರಡನೆಯದನ್ನೇ ಕಲಿತವರಿಗೆ ದನಿ ಏರಿಸಬೇಕಾದ ದಿನ ಏನೂ ಇರುವುದಿಲ್ಲ. ಹೆಗ್ಗೋಡಿನ ನೀನಾಸಂನಂಥ ಕಡೆ ಯಕ್ಷಗಾನದ ಹೆಜ್ಜೆಯಿಂದ ಹಿಡಿದು ಆಧುನಿಕ ನಾಟಕದವರೆಗೆ ಮೈ ಪಳಗುತ್ತದೆ. ಅಲ್ಲಿಂದ ಬಂದವರು ಕ್ಯಾಮೆರಾ ಮುಂದೆ ಎಷ್ಟು ಮೆತ್ತಗಿರಬಲ್ಲರು ಅನ್ನುವುದಕ್ಕೆ ಅಚ್ಯುತ್ ಕುಮಾರ್ ಇದ್ದಾರೆ.

‘ಕಾಂತಾರ’ವನ್ನು ನಿಮ್ಮ ಮಗಳು ನೋಡಿಯೇ ಇರುತ್ತಾಳೆ. ಮತ್ತೊಮ್ಮೆ ನಟನೆಗಾಗಿ ಮಾತ್ರ ನೋಡಲು ಹೇಳಿ. ಕೊನೆಯಲ್ಲಿ ರಿಷಬ್ ಶೆಟ್ಟಿ ಮೈಮೇಲೆ ದೈವ ಬಂದು ಹಾಕುವ ಆ ಕೂಗು, ಆ ನಡಿಗೆ ಯಾವ ಲೆಕ್ಕದಲ್ಲೂ ‘ನ್ಯಾಚುರಲ್’ ಅಲ್ಲ. ಆ ಚಿತ್ರಕ್ಕೇ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಅದೇ ಚಿತ್ರದಲ್ಲಿ ಅಚ್ಯುತ್ ಕುಮಾರ್ ಊರಿನ ಧಣಿ. ನಯವಾಗಿ ಮಾತಾಡುತ್ತಾರೆ, ನಗುತ್ತಾರೆ, ಮನೆಯೊಳಗೆ ಕರೆಯುತ್ತಾರೆ. ದನಿ ಏರಿಸದೆಯೇ ಭಯ ಹುಟ್ಟಿಸುತ್ತಾರೆ. ಇಬ್ಬರಲ್ಲಿ ಯಾರ ಪಾತ್ರವನ್ನು ತಾನು ಮಾಡಬಲ್ಲೆ ಅಂತ ಅವಳನ್ನೇ ಕೇಳಿ. ಮಾಡಲಾರೆ ಅನಿಸಿದ ಪಾತ್ರದಿಂದ ಅಭ್ಯಾಸ ಶುರುವಾಗಲಿ.